ಚುಚ್ಚುವ ಕಂಬಳಿ

ಡಿಸೆಂಬರ್ ೨೦, ಶುಕ್ರವಾರ

ನನ್ನ ಮದುವೆ ಆಗಿಹೋಯಿತು, ನಾನೀಗ ಮಧುಗಿರಿಯವಳು, ನಮ್ಮ ಅಡುಗೆಮನೆಯ ಕಿಟಕಿ ತೆಗೆದರೆ ಇಡೀ ಬೆಟ್ಟವೇ ಒಳಗೆ ಬರುತ್ತದೆ! ಇದನ್ನು ಯಾರಿಗಾದರೂ ಕೂಗಿ ಹೇಳಬೇಕು. ಪ್ರಭು ಆಸ್ಪತ್ರೆಗೆ ಹೋಗಿದ್ದಾನೆ, ಅಕ್ಕಪಕ್ಕದವರ ಪರಿಚಯ ಇನ್ನೂ ಆಗಿಲ್ಲ. ಅದಕ್ಕೇ ಈ ಡೈರಿ. (ಅತ್ತೆಯ ಮುಂದೆ ‘ಅವರು’, ಇಲ್ಲಿ ‘ಅವನು’. ಇದು ನನ್ನ ಡೈರಿ.) ಕಾನ್ವೆಂಟಿನಲ್ಲಿ ಓದಿ, ಇಷ್ಟು ದಿನ ಡೈರಿಯನ್ನೂ ಇಂಗ್ಲಿಷಿನಲ್ಲೇ ಬರೆದವಳು ನಾನು. ಇನ್ನು ಮೇಲೆ ಕನ್ನಡ. ‘ಎರಡೇ ಪುಟಕ್ಕೆ ಕೈಬಿಡ್ತೀಯ ಯಶು’ ಎಂದು ಪ್ರಭು ನಕ್ಕಿದ್ದಾನೆ. ನೋಡೋಣ.

ಪ್ರಭು ದನದ ಡಾಕ್ಟರು. ವಾರದಲ್ಲಿ ಮೂರು ನಾಲ್ಕು ದಿನ ಬೈಕಿನಲ್ಲಿ ಹಳ್ಳಿ ಸುತ್ತುತ್ತಾನೆ, ರಜೆಯಲ್ಲೂ ಯಾರಾದರೂ ಕರೆದರೆ ಹೊರಡುತ್ತಾನೆ. ನಾನೂ ಹಿಂದಿನ ಸೀಟಿನಲ್ಲಿ! ಅದೇ ನಮ್ಮ ಹನಿಮೂನ್. ಅವನು ಕುರಿಗೆ ಸೂಜಿ ಹಾಕಲಿ, ನಾನು ಅಥೆಂಟಿಕ್ ಆದ ಸ್ಥಳೀಯ ಕರಕುಶಲ ವಸ್ತುಗಳನ್ನು ಹುಡುಕುತ್ತೇನೆ. ಹಾಲ್‌ನಲ್ಲಿ ಅದಕ್ಕೆಂದೇ ಒಂದು ಶೆಲ್ಫ್ ಖಾಲಿ ಮಾಡಿದ್ದೇನೆ. ಈಗಾಗಲೇ ಒಂದು ಈಚಲು ಬುಟ್ಟಿ, ಕೊರಟಗೆರೆಯ ಸಂತೆಯಲ್ಲಿ ಸಿಕ್ಕ ಒಂದು ಮಣ್ಣಿನ ಕುಡಿಕೆ ಬಂದು ಕೂತಿವೆ. ಎಷ್ಟು ಮುದ್ದಾಗಿವೆ! ಕುಡಿಕೆಗೆ ನೀರು ಹಾಕಬಾರದು ಎಂದು ಪ್ರಭುಗೆ ಆಜ್ಞೆ ಮಾಡಿದ್ದೇನೆ.

ದಾವಣಗೆರೆಯಿಂದ ಅಪ್ಪ ಫೋನ್ ಮಾಡಿದ್ದರು. ‘ಅಮ್ಮ ಎಲ್ಲಿ?’ ಎಂದೆ. ‘ಅಡುಗೆಮನೇಲಿದ್ದಾಳೆ’ ಎಂದರು. ಮದುವೆಯಾಗಿ ಹನ್ನೆರಡು ದಿನ. ಹನ್ನೆರಡು ದಿನದಿಂದಲೂ ಅಮ್ಮ ಅಡುಗೆಮನೆಯಲ್ಲೇ ಇದ್ದಾಳೆ.

ಎಲ್ಲ ಆ ಕರಿ ಕಂಬಳಿಯ ಕೋಪ. ಮುಹೂರ್ತಕ್ಕೆ ನಮ್ಮಿಬ್ಬರನ್ನು ಅದರ ಮೇಲೆ ಕೂರಿಸಬೇಕೆಂದು ಟ್ರಂಕಿನಿಂದ ತೆಗೆದು ತಂದಿದ್ದಳು. ಅಮ್ಮನೂ ಮದುವೆಯಲ್ಲಿ ಅದರ ಮೇಲೆಯೇ ಕೂತಿದ್ದಂತೆ. ಡೆಕೊರೇಶನ್‌ನವರು ಅದನ್ನು ಎಲ್ಲಿಗೋ ಎತ್ತಿಹಾಕಿದರು. ಮಾರನೆಯ ದಿನ ಛತ್ರದ ಹಿಂದೆ ಜನರೇಟರ್ ಕೆಳಗೆ ಸಿಕ್ಕಿತು, ಡೀಸೆಲ್ ಕುಡಿದುಕೊಂಡು. ಅವರಿಗೇನು ಗೊತ್ತು, ಪಾಪ. ಅಮ್ಮ ಒಂದೂ ಮಾತಾಡದೆ ಮಡಿಚಿ ಕಾರಿಗೆ ಹಾಕಿದಳು.

ಹೊಸದೊಂದು ತಂದು ಕೊಟ್ಟರೆ ಮುಗಿಯಿತು. ಅಮ್ಮನ ತವರೇ ಸಿರಾ ಕಡೆಯದು. ಇದು ಕಂಬಳಿಯದೇ ಸೀಮೆ! ಅದಕ್ಕಿಂತ ಚೆನ್ನಾದದ್ದನ್ನೇ ಹುಡುಕುತ್ತೇನೆ.

ಡಿಸೆಂಬರ್ ೨೯, ಭಾನುವಾರ

ಸಿಕ್ಕಿತು! ಸಿರಾ ದಾಟಿ ಹೈವೇ ಪಕ್ಕದಲ್ಲಿ ಒಂದು ಎಂಪೋರಿಯಂ. ಏಸಿ, ಕಾಫಿ, ಗೋಡೆಯ ಮೇಲೆ ಕುರಿ ಕಾಯುವವರ ದೊಡ್ಡ ದೊಡ್ಡ ಕಪ್ಪುಬಿಳುಪು ಫೋಟೊ. ಅಲ್ಲಿಯ ಸೇಲ್ಸ್‌ಮನ್ ಒಂದು ಕಂಬಳಿಯನ್ನು ಗಾಳಿಯಲ್ಲಿ ಹಾರಿಸಿ ನನ್ನ ಮುಂದೆ ಹರಡಿದರು.

‘ಹಂಡ್ರೆಡ್ ಪರ್ಸೆಂಟ್ ಅಥೆಂಟಿಕ್ ಮೇಡಂ. ಮುಟ್ಟಿ ನೋಡಿ, ಮೊಲದ ಮರಿ ಇದ್ದಂಗೈತೆ.’

ಮುಟ್ಟಿದೆ. ನಿಜವಾಗಿಯೂ ಮೊಲದ ಮರಿ! ಅಮ್ಮನ ಕಂಬಳಿಯೂ ಹಾಗೇ ಇತ್ತು. ಚಿಕ್ಕಂದಿನಲ್ಲಿ ಜ್ವರ ಬಂದಾಗ ಅದನ್ನು ಹೊದಿಸುತ್ತಿದ್ದಳು, ಕೆನ್ನೆಗೆ ಒತ್ತಿಕೊಂಡರೆ ಬೆಕ್ಕಿನ ಹೊಟ್ಟೆಯ ಹಾಗೆ ಮೆತ್ತಗೆ. ಆ ಮೆತ್ತನೆ ನನ್ನ ಕೆನ್ನೆಗೆ ಇನ್ನೂ ನೆನಪಿದೆ. ಅದಕ್ಕೇ ಇದನ್ನು ಮುಟ್ಟಿದ ಕೂಡಲೇ ಗೊತ್ತಾಯಿತು, ಇದೇ ಎಂದು. ಎರಡು ತಗೊಂಡೆ, ಅಮ್ಮನಿಗೊಂದು, ನಮಗೊಂದು.

ಬರುವಾಗ ಸಿರಾ ಬಸ್‌ಸ್ಟ್ಯಾಂಡಿನ ಹತ್ತಿರ ಒಬ್ಬ ಅಜ್ಜಿ ನೆಲದ ಮೇಲೆ ಗಂಟು ಬಿಚ್ಚಿಕೊಂಡು ಕೂತಿದ್ದರು. ಅವೂ ಕಂಬಳಿಗಳೇ, ಆದರೆ ತಗಡಿನ ಹಾಗೆ ಬಿರುಸು, ಕುರಿದೊಡ್ಡಿಯ ವಾಸನೆ. ಮುಟ್ಟಿದ ಕೈಯನ್ನು ಪ್ರಭುವಿನ ಶರ್ಟಿಗೆ ಉಜ್ಜಿದೆ.

‘ಇದನ್ನ ತಗೋಬೇಕಿತ್ತು’ ಎಂದ ಪ್ರಭು.

‘ನಿನಗೆ ಕುರಿ ಗೊತ್ತು, ಕ್ರಾಫ್ಟ್ ಗೊತ್ತಿಲ್ಲ’ ಎಂದೆ. ದಾರಿಯುದ್ದಕ್ಕೂ ಆ ಮಾತನ್ನೇ ಹೇಳಿ ಹೇಳಿ ನಗುತ್ತಿದ್ದ.

ನಾಳೆಯೇ ಕೊರಿಯರ್!

ಜನವರಿ ೩, ಶುಕ್ರವಾರ

ಅಮ್ಮನ ಮೆಸೇಜ್ ಬಂತು, ಅಮ್ಮನ ಮೆಸೇಜ್ ಬಂತು! ಮದುವೆಯಾದ ಮೇಲೆ ಮೊದಲನೆಯದು.

‘ಬಂತು. ಮೆತ್ತಗಿದೆ.’

ಅಷ್ಟೇ. ಆದರೆ ಅಮ್ಮನಿಗೆ ಅಷ್ಟೇ ಜಾಸ್ತಿ. ಹಾರ್ಟ್ ಹಾಕಿಲ್ಲ, ಅದು ಫೋನಿನಲ್ಲಿ ಎಲ್ಲಿರುತ್ತದೆಂದು ಅವಳಿಗೆ ಗೊತ್ತಿಲ್ಲ. ನಾನು ಹದಿನೇಳು ಹಾರ್ಟ್ ಕಳಿಸಿದೆ. ಪ್ರಭು ಆ ಮೆಸೇಜನ್ನು ಎರಡು ಸಲ ಓದಿ ‘ಹ್ಞೂಂ’ ಎಂದ. ಗಂಡಸರಿಗೆ ಇಂಥವೆಲ್ಲ ಅರ್ಥವಾಗುವುದಿಲ್ಲ.

ನೆನ್ನೆ ಶೆಲ್ಫಿಗೆ ಮರದ ಸೌಟು ಒಂದು ಸೇರಿದೆ. ಬಳಸುವಂತಿಲ್ಲ!

ಜನವರಿ ೧೪, ಮಂಗಳವಾರ. ತೋವಿನಕೆರೆ

ಮೊದಲ ಸಂಕ್ರಾಂತಿ ಅತ್ತೆಯ ಮನೆಯಲ್ಲಿ. ಎಳ್ಳು ಬೆಲ್ಲ ಹಂಚಲು ಹೊರಟರೆ ಬೀದಿಯ ಪ್ರತಿ ಮನೆಯಲ್ಲೂ ಒಂದೇ ಪ್ರಶ್ನೆ: ‘ತವರಿನಿಂದ ಕರೆಯಕ್ಕೆ ಬರ್ನಿಲ್ವಾ?’ ಹೊಸ ಹೆಣ್ಣನ್ನು ಮೊದಲ ಹಬ್ಬಕ್ಕೆ ತಾಯಿ ಬಂದು ಕರೆದುಕೊಂಡು ಹೋಗಬೇಕಂತೆ. ಫೋನಿನಲ್ಲಿ ಕರೆದರೆ ಲೆಕ್ಕಕ್ಕಿಲ್ಲ. ಅಪ್ಪ ಬಂದರೂ ಅರ್ಧ ಲೆಕ್ಕ.

ಅತ್ತೆ ಶಿವರುದ್ರಮ್ಮನವರು ನನ್ನ ಮುಖ ನೋಡಿ, ‘ಅವ್ರಿಗೆ ಏನ್ ಕೆಲ್ಸಿತ್ತೋ ಏನೋ, ನೀವ್ ಸುಮ್ಕಿರ್ರವ್ವ’ ಎಂದು ಎಲ್ಲರ ಬಾಯಿ ಮುಚ್ಚಿಸಿದರು. ಆಮೇಲೆ ಹಿತ್ತಲಿನಲ್ಲಿ ಅವರೆಕಾಯಿ ಬಿಡಿಸುತ್ತ ಮೆಲ್ಲಗೆ ಕೇಳಿದರು.

‘ಬೀಗತಿ ಮುನಿಸ್ಕಂಡವ್ರಾ ತಾಯಿ?’

‘ಇಲ್ಲ ಅತ್ತೆ! ಕಂಬಳಿ ಕಳಿಸಿದ್ದೆನಲ್ಲ, ಮೆತ್ತಗಿದೆ ಅಂತ ಹೇಳಿದ್ದಾರೆ.’

ಅತ್ತೆ ಕೈಯಲ್ಲಿದ್ದ ಕಾಯಿಯನ್ನು ಹಾಗೇ ಹಿಡಿದು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ‘ಅಂಗಂದ್ರಾ?’ ಎಂದು ಮತ್ತೆ ಬಿಡಿಸತೊಡಗಿದರು.

‘ಹೋಗ್ಲಿ ಬುಡು. ಉಗಾದಿಗೆ ಬಂದಾರು.’

ಜನವರಿ ೧೫, ಬುಧವಾರ

ಅಪ್ಪನ ಫೋನ್. ಅಮ್ಮ ಅಡುಗೆಮನೆಯಲ್ಲಿ.

ಜನವರಿ ೨೨, ಬುಧವಾರ

ಇವತ್ತು ಬಡವನಹಳ್ಳಿಯಿಂದ ಒಳಗೆ ಒಂದು ಹಳ್ಳಿಯಲ್ಲಿ ಪ್ರಭುವಿಗೆ ಲಸಿಕೆ ಹಾಕುವ ಕೆಲಸ. ಅಲ್ಲಿ ಕದಿರಯ್ಯ ಎಂಬ ಒಬ್ಬರು ಹಿಂದೆ ಕಂಬಳಿ ನೇಯುತ್ತಿದ್ದರಂತೆ. ನಮ್ಮ ಹೊಸ ಕಂಬಳಿಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ನೇಯುವವರಿಗೆ ಒಳ್ಳೆಯ ಕೆಲಸ ನೋಡಿದರೆ ಖುಷಿಯಾಗುತ್ತದಲ್ಲ!

ಕದಿರಯ್ಯನವರಿಗೆ ಎಪ್ಪತ್ತು ದಾಟಿರಬೇಕು. ಅವರ ಹೆಂಡತಿ ಚಿಕ್ಕಕ್ಕ. ಊರಿಗೆಲ್ಲ ಅವರು ಚಿಕ್ಕಕ್ಕನೇ, ಗಂಡನೂ ಹಾಗೇ ಕರೆಯುತ್ತಾರೆ. ಇಬ್ಬರೂ ನನ್ನನ್ನು ‘ಡಾಕ್ಟ್ರಮ್ಮ’ ಎಂದರು. ನಾನು ಡಾಕ್ಟರಲ್ಲ ಎಂದರೆ ‘ಆಯ್ತು ಕುಂತ್ಕಳಿ ಡಾಕ್ಟ್ರಮ್ಮ’ ಎಂದರು.

ಕಂಬಳಿ ಹರಡಿದೆ. ಚಿಕ್ಕಕ್ಕ ಎರಡು ಬೆರಳಿನಲ್ಲಿ ಮುಟ್ಟಿ ಕೈ ತೆಗೆದರು.

‘ರಗ್ಗು ಚೆನ್ನಾಗೈತೆ ಕಣಮ್ಮ.’

‘ರಗ್ಗಲ್ಲ, ಕಂಬಳಿ.’

‘ಲೇ ಚಿಕ್ಕಕ್ಕ, ಕಂಬ್ಳಿಯಂತೆ ಕಣೇ!’ ಎಂದು ಕದಿರಯ್ಯನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ಅಂಚನ್ನು ಮಗುಚಿ, ‘ಹ್ಯಾಂಡ್ ಮೇಡ್’ ಎಂಬ ಚೀಟಿಯನ್ನು ಉಗುರಿನಿಂದ ಎಬ್ಬಿಸಿದರು. ಅದರ ಕೆಳಗೆ ಹೊಲಿದ ಇನ್ನೊಂದು ಪಟ್ಟಿ, ಉತ್ತರದ ಯಾವುದೋ ಮಿಲ್ಲಿನ ಹೆಸರು.

ನನಗೆ ಅಷ್ಟು ಬೇಜಾರಾಗಲಿಲ್ಲ, ಬೆಪ್ಪಾದೆ ಅನ್ನಿಸಿತು ಅಷ್ಟೇ. ‘ಆದರೆ ನಮ್ಮ ಅಮ್ಮನಿಗೆ ಇಷ್ಟವಾಯಿತು. ಮೆತ್ತಗಿದೆ ಅಂತ ಬರೆದಿದ್ದಾರೆ’ ಎಂದೆ.

ಕದಿರಯ್ಯನವರು ನಗಲಿಲ್ಲ.

‘ನಿಮ್ತಾಯಿ ಯಾವ್ ಕಡೆಯವ್ರು?’

‘ಸಿರಾ ಕಡೆ.’

‘ಅಂಗಾದ್ರೆ ಚೆನ್ನಾಗೈತೆ ಅಂತ ಯೋಳಿಲ್ಲ ಕಣಮ್ಮ. ಇದು ಕಂಬ್ಳಿ ಅಲ್ಲ ಅಂತ ಯೋಳವ್ರೆ. ಹೊಸ ಕಂಬ್ಳಿ ಎಲ್ಲಾನಾ ಮೆತ್ತಗಿರ್ತದಾ? ಹುಣಸೆ ಬೀಜದ್ ಗಂಜಿ ಕುಡ್ದಿರ್ತದೆ, ಚುಚ್ತದೆ, ನಿಲ್ಸಿದ್ರೆ ನಿಂತ್ಕಂತದೆ. ಅದು ಮೆತ್ತಗಾಗ್ಬೇಕು ಅಂದ್ರೆ ಮನುಷ್ಯರ ಮೈಮ್ಯಾಲೆ ಹತ್ತು ವರ್ಷ ಇರ್ಬೇಕು.’

ಚಿಕ್ಕಕ್ಕ ಚಹಾ ಕೊಟ್ಟರು. ಕುಡಿದೆ. ಸಕ್ಕರೆ ಜಾಸ್ತಿಯಾಗಿತ್ತು.

ಜನವರಿ ೨೩, ಗುರುವಾರ

ಮದುವೆಯಾದಾಗ ಅಮ್ಮನಿಗೆ ಇಪ್ಪತ್ತೊಂದು. ಈಗ ಐವತ್ತೊಂದು. ಮೂವತ್ತು ವರ್ಷ.

ಜನವರಿ ೩೦, ಗುರುವಾರ

ಪ್ರಭುವನ್ನು ಬಿಟ್ಟು ಬಸ್ಸಿನಲ್ಲಿ ನಾನೊಬ್ಬಳೇ ಬಡವನಹಳ್ಳಿಗೆ ಹೋದೆ. ಅಲ್ಲಿಂದ ಆಟೋ. ‘ನನಗೊಂದು ನೇಯ್ದು ಕೊಡಿ’ ಎಂದು ಕೇಳಿದೆ.

ಕದಿರಯ್ಯನವರು ಒಳಗೆ ಕರೆದುಕೊಂಡು ಹೋಗಿ ಮಗ್ಗ ತೋರಿಸಿದರು. ಕಾಲು ಇಳಿಬಿಡುವ ಗುಂಡಿಗೆ ಹಲಗೆ ಮುಚ್ಚಿ, ಮೇಲೆ ಈರುಳ್ಳಿ ಹರಡಿದ್ದರು. ಆರು ವರ್ಷವಾಯಿತಂತೆ. ಮಗಳು ಮಂಜುಳಾ ಗುಂಡಿ ಮುಚ್ಚಿಸಿ ಟೈಲ್ಸ್ ಹಾಕಿಸೋಣ ಎನ್ನುತ್ತಿದ್ದಾಳಂತೆ.

‘ನೇಯಕ್ಕೆ ನಂಗೇನು? ಕರಿ ಉಣ್ಣೆ ಎಲ್ಲೈತೆ? ಈಗಿನ್ ಕುರಿಗೆ ಮಾಂಸ ಐತೆ, ಉಣ್ಣೆ ಇಲ್ಲ. ನೀನು ಉಣ್ಣೆ ತತ್ತಾ, ನಾನು ಈರುಳ್ಳಿ ತೆಗೀತೀನಿ.’

‘ಬಣ್ಣ ಹಾಕಿದ್ದು ಆಗುತ್ತಾ?’

‘ಆಯ್ತದೆ. ಆಮ್ಯಾಕೆ ಮೆತ್ತಗೈತೆ ಅಂತಾರೆ ನಿಮ್ತಾಯಿ’ ಎಂದರು ಚಿಕ್ಕಕ್ಕ.

ಫೆಬ್ರವರಿ ೨, ಭಾನುವಾರ

ಪಾವಗಡ! ನಾಲ್ಕು ದಿನದಿಂದ ಪ್ರಭು ತನಗೆ ಗೊತ್ತಿರುವ ಕುರಿಯವರಿಗೆಲ್ಲ ಫೋನ್ ಮಾಡಿ ‘ಕರಿ ಕುರಿ ಅವೆಯಾ?’ ಎಂದು ಕೇಳುತ್ತಿದ್ದ. ಕೊನೆಗೆ ರಾಯಚರ್ಲು ಹತ್ತಿರ ಓಬಳಯ್ಯ ಎನ್ನುವವರ ಮಂದೆಯಲ್ಲಿ ಇವೆ ಎಂದು ಗೊತ್ತಾಯಿತು. ಬೆಳಿಗ್ಗೆಯೇ ಹೊರಟೆವು.

ರಸ್ತೆಯ ಎರಡೂ ಕಡೆ ಸೋಲಾರ್ ಪ್ಯಾನೆಲ್, ಕಣ್ಣು ಹೋಗುವಷ್ಟು ದೂರ. ಅವುಗಳ ನೆರಳಿನಲ್ಲಿ ಕುರಿಗಳು ಸಾಲಾಗಿ ಮಲಗಿದ್ದವು. ಫೋಟೊ ತೆಗೆಯಬೇಕೆಂದು ಫೋನ್ ಎತ್ತಿದೆ. ಅಷ್ಟರಲ್ಲಿ ಕರಿಯವು ಎಷ್ಟಿವೆ ಎಂದು ಎಣಿಸತೊಡಗಿದ್ದೆ, ಫೋಟೊ ಮರೆತೇಹೋಯಿತು. ಹನ್ನೊಂದು.

‘ಉಣ್ಣೆ ಎವರಿಕಿ ಬೇಕಮ್ಮ ಈಗ?’ ಎಂದರು ಓಬಳಯ್ಯ, ಅರ್ಧ ತೆಲುಗಿನಲ್ಲಿ. ‘ಕತ್ತರಿಸಿ ಬೇಲಿತಾವ ಪಾರೇಸ್ತೀವಿ.’

ನಾನು ಪ್ರಭುವಿನ ಮುಖ ನೋಡಿದೆ. ‘ಯಾರಿಗೂ ಬೇಡವಂತೆ, ಎಸೆದುಬಿಡ್ತಾರಂತೆ’ ಎಂದ.

ಎಸೆಯುತ್ತಾರೆ! ಮಿಲ್ಲಿನ ರಗ್ಗನ್ನು ಗಾಜಿನ ಅಂಗಡಿಯಲ್ಲಿ ಇಟ್ಟು ಮಾರುವ ಊರಿನಲ್ಲಿ ಇದನ್ನು ಬೇಲಿಗೆ ಎಸೆಯುತ್ತಾರೆ. ಮೊನ್ನೆ ಕತ್ತರಿಸಿದ್ದು ಇನ್ನೂ ಎರಡು ಚೀಲ ಇತ್ತು. ಅವರ ಹೆಂಡತಿ ಗೋಣಿಚೀಲದ ಬಾಯಿ ಬಿಚ್ಚಿ, ‘ಇದಿ ಬೂದಿ, ಇದಿ ಕರಿ, ಇದಿ ನಲ್ಲ ಗೊರ್ರೆ ಮರೀದು, ಮಸಿ ಇದ್ದಂಗೈತೆ ನೋಡು’ ಎಂದು ಬೇರೆ ಬೇರೆ ಮಾಡಿ ಕೊಟ್ಟರು. ನಲ್ಲ ಗೊರ್ರೆ ಎಂದರೆ ಕರಿ ಕುರಿ. ಮೊದಲ ಸಲ ಕತ್ತರಿಸಿದ ಮರಿಯ ಉಣ್ಣೆಯೇ ಎಲ್ಲಕ್ಕಿಂತ ಕಪ್ಪಂತೆ, ಆಮೇಲೆ ಬಿಸಿಲಿಗೆ ಕಂದುತ್ತದಂತೆ. ದುಡ್ಡು ಬೇಡವೆಂದರು. ಪ್ರಭು ಅವರ ಕುಂಟುವ ಟಗರೊಂದರ ಗೊರಸು ಕೆರೆದು ಔಷಧಿ ಹಚ್ಚಿದ.

ಬರುವಾಗ ಚೀಲ ನನ್ನ ಮತ್ತು ಪ್ರಭುವಿನ ನಡುವೆ. ಎಂಥ ವಾಸನೆ! ಮಧುಗಿರಿ ಬರುವಷ್ಟರಲ್ಲಿ ಅಭ್ಯಾಸವಾಗಿತ್ತು.

ಫೆಬ್ರವರಿ ೧೧, ಮಂಗಳವಾರ

ಕದಿರಯ್ಯನವರ ಮನೆಗೆ ಇದು ಐದನೇ ಸಲ. ಉಣ್ಣೆಯಲ್ಲಿರುವ ಮುಳ್ಳು, ಕಸ ಆರಿಸುವುದು ನನ್ನ ಕೆಲಸ. ಆರಿಸಿದ್ದನ್ನು ಹಾಕಲು ಸರಿಯಾದದ್ದು ಏನೂ ಇರಲಿಲ್ಲ. ಶೆಲ್ಫಿನಿಂದ ಈಚಲು ಬುಟ್ಟಿ ತೆಗೆದುಕೊಂಡು ಹೋದೆ.

ಚಿಕ್ಕಕ್ಕ ರಾಟೆಯ ಮುಂದೆ ಕೂತರೆ ದಾರ ತನ್ನಷ್ಟಕ್ಕೆ ಬರುತ್ತದೆ, ಟ್ಯಾಪಿನಿಂದ ನೀರು ಬಂದ ಹಾಗೆ. ನನ್ನನ್ನು ಕೂರಿಸಿದರು. ನನ್ನ ದಾರ ಒಂದು ಕಡೆ ಕೂದಲಿನಷ್ಟು, ಇನ್ನೊಂದು ಕಡೆ ಹೆಬ್ಬೆರಳಿನಷ್ಟು.

‘ಇದೇನ್ ದಾರ್ವೋ, ಹಾವು ಇಲಿ ನುಂಗ್ದಂಗೈತೆ!’ ಎಂದರು.

‘ಬಿಸಾಡಿಬಿಡಿ ಚಿಕ್ಕಕ್ಕ.’

‘ಯಾಕ್ ಬಿಸಾಕಿಯೇ? ಉಣ್ಣೆ ಹುಟ್ಸಿದ್ದು ಕುರಿ, ನೀನಲ್ಲ. ಇರ್ಲಿ ಬುಡು.’

ಮಧ್ಯಾಹ್ನ ಮುದ್ದೆ, ಹುರುಳಿಕಾಳು ಸಾರು. ಉಂಡು ಅಲ್ಲೇ ಜಗುಲಿಯ ಮೇಲೆ ಅರ್ಧ ಗಂಟೆ ಮಲಗಿದೆ. ಚಿಕ್ಕಕ್ಕ ತಮ್ಮ ಹಳೆಯ ಕಂಬಳಿ ಹಾಸಿಕೊಟ್ಟಿದ್ದರು. ಕೆನ್ನೆ ಇಟ್ಟೆ. ಅದೇ ಮೆತ್ತನೆ. ಅದೇ.

ಫೆಬ್ರವರಿ ೧೮, ಮಂಗಳವಾರ

ಬೆರಳಿಗೆ ಬೊಬ್ಬೆ. ದಾರ ಸ್ವಲ್ಪ ಪರವಾಗಿಲ್ಲ. ಚಿಕ್ಕಕ್ಕನ ಪ್ರಕಾರ ಈಗ ಹಾವು ಕಪ್ಪೆ ಮಾತ್ರ ನುಂಗಿದೆ.

ಫೆಬ್ರವರಿ ೨೬, ಬುಧವಾರ

ಶಿವರಾತ್ರಿ. ಉಪವಾಸ. ಬೆಳಿಗ್ಗೆ ಅಪ್ಪನ ಫೋನ್ ಬಂತು. ನಾನು ‘ಅಮ್ಮ ಎಲ್ಲಿ’ ಎಂದು ಕೇಳಲಿಲ್ಲ. ‘ಅಮ್ಮನ ಮದುವೆ ಫೋಟೊ ಒಂದು ಕಳಿಸಿ’ ಎಂದೆ. ಮಧ್ಯಾಹ್ನ ಕಳಿಸಿದರು. ಅಮ್ಮ ತಲೆ ತಗ್ಗಿಸಿ ಕೂತಿದ್ದಾಳೆ, ಕೆಳಗೆ ಕಂಬಳಿ. ಎಷ್ಟು ಬಿರುಸಾಗಿದೆಯೆಂದರೆ ಅದರ ಒಂದು ಮೂಲೆ ಎದ್ದು ನಿಂತಿದೆ. ಅಂಚಿನಲ್ಲಿ ಎರಡು ಬಿಳಿ ಗೀರು.

ಆಮೇಲೆ ನನ್ನ ಮದುವೆಯ ಫೋಟೊಗಳನ್ನು ನೋಡಿದೆ. ಒಂದು ಸಾವಿರದ ನಾನೂರು ಇವೆ. ಒಂದರಲ್ಲೂ ಕಂಬಳಿ ಇಲ್ಲ.

ಮೊದಲನೆಯ ಪುಟದಲ್ಲಿ ಡೆಕೊರೇಶನ್‌ನವರು ಎತ್ತಿಹಾಕಿದರು ಎಂದು ಬರೆದಿದ್ದೇನೆ. ಅದು ಸರಿಯಲ್ಲ. ಅವರು ಅದನ್ನು ವೇದಿಕೆಯ ಮೇಲೆ ಹಾಸಿಯಾಗಿತ್ತು. ಸುತ್ತ ಎಲ್ಲ ತಿಳಿ ಗುಲಾಬಿ, ತಿಳಿ ಹಸಿರು, ನಡುವೆ ಅದೊಂದು ಕಪ್ಪಗೆ. ‘ಈ ಗಬ್ಬು ಕಂಬಳಿನ ಎಲ್ಲಾದ್ರೂ ಹಾಕಿ, ಫೋಟೊ ಹಾಳಾಗುತ್ತೆ’ ಎಂದವಳು ನಾನು. ಅವರು ಹೇಳಿದ್ದನ್ನು ಮಾಡಿದರು ಅಷ್ಟೇ.

ಇದನ್ನು ಪ್ರಭುವಿಗೂ ಹೇಳಿರಲಿಲ್ಲ. ಸಂಜೆ ಹೇಳಿದೆ. ಅವನು ಖರ್ಜೂರದ ತಟ್ಟೆಯನ್ನು ನನ್ನ ಕಡೆ ಸರಿಸಿದ.

ಮಾರ್ಚ್ ೮, ಶನಿವಾರ

ಮೊನ್ನೆ ಈರುಳ್ಳಿ ತೆಗೆದರು! ಗುಂಡಿಯಲ್ಲಿ ಒಂದು ಇಲಿಯ ಸಂಸಾರ ಇತ್ತಂತೆ, ಚಿಕ್ಕಕ್ಕ ಪೊರಕೆಯಲ್ಲಿ ಖಾಲಿ ಮಾಡಿಸಿದರಂತೆ.

ಇವತ್ತು ಬೆಳಿಗ್ಗೆ ಬೀದಿಯ ಉದ್ದಕ್ಕೂ ದಾರ ಎಳೆದು ಕಟ್ಟಿ ಹುಣಸೆ ಬೀಜದ ಗಂಜಿ ಬಳಿದರು. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಹಾಕಿ, ಅರೆದು, ಕುದಿಸಿ, ಎರಡು ದಿನದ ಕೆಲಸ. ಬೀದಿಯ ಹೆಂಗಸರೆಲ್ಲ ಬಂದು ನಿಂತಿದ್ದರು. ‘ಯಾರ್ ಮನೆ ಮದ್ವೆ ಕದಿರಣ್ಣ?’ ಎಂದು ಯಾರೋ ಕೂಗಿದರು. ‘ಮದ್ವೆ ಆಗೋಗೈತೆ, ಈಗ ಕಂಬ್ಳಿ’ ಎಂದರು ಕದಿರಯ್ಯನವರು. ಎಲ್ಲರೂ ನಕ್ಕರು, ನಾನೂ.

ಅಂಚಿಗೆ ಎರಡು ಬಿಳಿ ಗೀರು ಹಾಕಿ ಎಂದು ಫೋಟೊ ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. ‘ಸಿರಾ ಕಡೇ ಕೈ’ ಎಂದರು. ‘ನಂದು ಬ್ಯಾರೆ. ನಂದು ಒಂದೇ ಗೀರು. ಅದೇ ಹಾಕ್ತೀನಿ.’

ಹೋದ ತಿಂಗಳ ನಾನಾಗಿದ್ದರೆ ಹಟ ಹಿಡಿಯುತ್ತಿದ್ದೆನೋ ಏನೋ. ‘ಸರಿ ಅಜ್ಜ’ ಎಂದೆ.

ಮನೆಗೆ ಬಂದು ಕುಡಿಕೆಯಲ್ಲಿ ಮೊಸರು ಹೆಪ್ಪುಹಾಕಿದೆ. ಪ್ರಭುವಿಗೆ ಅದರಲ್ಲಿಯ ಮೊಸರೇ ಇಷ್ಟ.

ಮಾರ್ಚ್ ೧೯, ಬುಧವಾರ

ಕಂಬಳಿ ಮನೆಗೆ ಬಂತು.

ಕದಿರಯ್ಯನವರು ಮಡಿಚಿ, ಮೇಲೆ ಒಂದು ವೀಳ್ಯದೆಲೆ ಇಟ್ಟು ಕೊಟ್ಟರು. ಇಬ್ಬರ ಕಾಲಿಗೂ ನಮಸ್ಕಾರ ಮಾಡಿದೆ. ಅಂಚಿನಲ್ಲಿ ಒಂದೇ ಬಿಳಿ ಗೀರು. ಅದರ ಪಕ್ಕದಲ್ಲಿ ಕೈಯಾಡಿಸಿದರೆ ಅಲ್ಲಲ್ಲಿ ಗಂಟು ಸಿಗುತ್ತದೆ. ನನ್ನ ದಾರವನ್ನು ಬಿಸಾಡಿಲ್ಲ, ಅಲ್ಲಿ ನೇಯ್ದಿದ್ದಾರೆ.

‘ಗುಂಡಿ ಮತ್ತೆ ಮುಚ್ತೀರಾ?’ ಎಂದು ಕೇಳಿದೆ.

‘ಮಂಜುಳಾ ತನ್ ಮಗಳ್ ಮದ್ವೆಗೂ ಒಂದು ನೇಯ್ಕೊಡಪ್ಪ ಅಂತಾವ್ಳೆ. ಟೈಲ್ಸು ಆಮ್ಯಾಲಂತೆ’ ಎಂದು ಚಿಕ್ಕಕ್ಕ ಬಾಯಿಗೆ ಸೆರಗು ಹಿಡಿದು ನಕ್ಕರು. ‘ಇನ್ನೆರಡ್ ಚೀಲ ಉಣ್ಣೆ ತರ್ಸ್ಕೊಡಕ್ ಆಯ್ತದಾ ಡಾಕ್ಟ್ರಮ್ಮ?’

ಮನೆಯಲ್ಲಿ ಕಂಬಳಿಯನ್ನು ಗೋಡೆಗೆ ಆನಿಸಿದರೆ ನಿಜವಾಗಿಯೂ ನಿಂತುಕೊಳ್ಳುತ್ತದೆ! ಆದರೆ ವಾಸನೆ ಇಡೀ ಹಾಲ್ ತುಂಬಿದೆ, ಕೈ ಕಾಲೆಲ್ಲ ಚುಚ್ಚುತ್ತದೆ. ಇದನ್ನು ಹೀಗೇ ಕಳಿಸುವುದೋ, ಒಗೆದು ಕಳಿಸುವುದೋ? ಕೇಳುವುದನ್ನೇ ಮರೆತೆ. ಕದಿರಯ್ಯನವರ ಫೋನ್ ಎಂದಿನ ಹಾಗೆ ಸ್ವಿಚ್ ಆಫ್. ಅತ್ತೆಯ ಫೋನ್ ಎಂಗೇಜ್.

ಮಾರ್ಚ್ ೨೦, ಗುರುವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ಹತ್ತು ಗಂಟೆಗೆ, ಕಂಬಳಿಯನ್ನು ವಾಷಿಂಗ್ ಮೆಷಿನ್ ಮೇಲೆ ಇಟ್ಟು, ಫೋಟೊ ತೆಗೆದು ಅಮ್ಮನಿಗೆ ಕಳಿಸಿದೆ. ಕೆಳಗೆ ಬರೆದೆ: ‘ಅಮ್ಮ, ಇದು ತುಂಬ ಬಿರುಸು, ಚುಚ್ಚುತ್ತೆ, ಕುರಿ ವಾಸನೆ ಬರುತ್ತೆ. ವುಲನ್ ಮೋಡ್‌ನಲ್ಲಿ ಒಂದು ಸಲ ಹಾಕಲಾ? ಕಂಫರ್ಟ್ ಹಾಕಬಹುದಾ?’ ಇದರಲ್ಲಿ ಬೇರೆ ಯೋಚನೆ ಇರಲಿಲ್ಲ. ಉಣ್ಣೆ ಒಗೆಯುವ ಬಗ್ಗೆ ಯಾರನ್ನು ಕೇಳಲಿ ಎಂದಾಗ ನೆನಪಾದದ್ದು ಅಮ್ಮ, ಅಷ್ಟೇ.

ಒಂದು ನಿಮಿಷವೂ ಆಗಿರಲಿಲ್ಲ. ಫೋನ್ ಬಡಿದುಕೊಂಡಿತು. ಅಪ್ಪನ ನಂಬರ್ ಅಲ್ಲ, ಅಮ್ಮನದು.

‘ಹಾಕಿದ್ಯಾ? ಹಾಕಿಲ್ಲ ತಾನೇ? ಏ ಯಶೂ, ಮಿಷಿನ್ನಿಗೆ ಹಾಕಬ್ಯಾಡ ಕಣೇ!’

ಮೂರು ತಿಂಗಳು ಹನ್ನೆರಡು ದಿನ.

‘ಹಾಕಿಲ್ಲ ಅಮ್ಮ.’

‘ಕೆಳಗಿಳಿಸು ಅದನ್ನ. ಮೊದ್ಲು ಕೆಳಗಿಳಿಸು. ಮಿಷಿನ್ನಿಗೆ ಹಾಕಿದ್ರೆ ಮುದುಡಿ ಟೋಪಿ ಆಗತ್ತೆ, ಆಮೇಲೆ ನಿನ್ ಗಂಡನ ತಲೆಗೆ ಹಾಕಬೇಕಾಗತ್ತೆ. ಇಳಿಸಿದ್ಯಾ?’

‘ಇಳಿಸಿದೆ. ಆದರೆ ತುಂಬ ಚುಚ್ಚುತ್ತೆ ಅಮ್ಮ.’

‘ಚುಚ್ಚಲಿ. ಚುಚ್ಚಬೇಕು.’ ಅವಳ ಹಿಂದೆ ಕುಕ್ಕರ್ ಕೂಗಿತು. ಹಾಗಾದರೆ ನಿಜವಾಗಿಯೂ ಅಡುಗೆಮನೆಯಲ್ಲೇ ಇದ್ದಾಳೆ. ‘ಎಲ್ಲಿ ಸಿಕ್ತು ಇದು?’

ಹೇಳಿದೆ. ಪಾವಗಡದ ಉಣ್ಣೆ, ಚಿಕ್ಕಕ್ಕ, ಈರುಳ್ಳಿ, ಇಲಿ ಸಂಸಾರ, ಎಲ್ಲ ಹೇಳಿದೆ. ಅಂಚಿನ ಗಂಟುಗಳು ನನ್ನವು ಎಂದೆ. ‘ಫೋಟೊದಾಗೆ ಕಂಡ್ವು. ಯಾರ್ ಈ ಕೈಗೆಟ್ಟೋಳು ಅಂದ್ಕೊಂಡೆ’ ಎಂದಳು.

ಅಷ್ಟರಲ್ಲಿ ನನ್ನ ಬಾಯಿಂದ ಬಂದೇಬಿಟ್ಟಿತು. ‘ಅಮ್ಮ, ಅವತ್ತು ಅದನ್ನ ಎಲ್ಲಾದ್ರೂ ಹಾಕಿ ಅಂತ ನಾನೇ ಹೇಳಿದ್ದು. ಡೆಕೊರೇಶನ್‌ನವರಲ್ಲ.’

‘ಗೊತ್ತು.’

‘ಹೇಗೆ?’

‘ನಿನ್ನ ಹಿಂದೇನೇ ನಿಂತಿದ್ನಲ್ಲ, ಆರತಿ ತಟ್ಟೆ ಹಿಡ್ಕೊಂಡು. ನೀನಾಗೇ ಹೇಳ್ತೀಯೇನೋ ಅಂತ ನೋಡ್ತಿದ್ದೆ.’

ಅಮ್ಮನೇ ಮುಂದುವರಿಸಿದಳು, ದಿನಸಿ ಪಟ್ಟಿ ಹೇಳುವ ದನಿಯಲ್ಲಿ.

‘ಬಿಸಿಲಿಗೆ ಹಾಕಬ್ಯಾಡ. ಕಿಟಕಿ ಹತ್ರ ನೆರಳಲ್ಲಿ ಹರಡು, ಗಾಳಿ ಆಡ್ಲಿ. ಬೇವಿನ ಸೊಪ್ಪು ಇದ್ರೆ ಮಡಿಕೆ ಒಳಗೆ ಇಡು. ನಾನು ಬರೋತನಕ ಅದನ್ನ ಯಾರೂ ಮುಟ್ಟಬ್ಯಾಡ್ರಿ. ನಿಮ್ಮಿಬ್ಬರ್ನೂ ಒಂದ್ಸಲ ಅದ್ರ ಮೇಲೆ ಕೂರಿಸಿ ನೋಡ್ಬೇಕು ನಾನು.’

ಫೋನ್ ಇಟ್ಟ ಮೇಲೆ ಗೊತ್ತಾಯಿತು, ಏನು ಹೇಳಿದಳು ಎಂದು.

ಮಾರ್ಚ್ ೨೨, ಶನಿವಾರ

ಅಡುಗೆಮನೆಯ ಕಿಟಕಿಯ ಹತ್ತಿರ ಕಂಬಳಿ ಹರಡಿದೆ. ಬೆಟ್ಟದಿಂದ ಗಾಳಿ ಚೆನ್ನಾಗಿ ಬರುತ್ತದೆ. ಬೇವಿನ ಸೊಪ್ಪು ಆಸ್ಪತ್ರೆಯ ಹಿಂದಿನ ಮರದಿಂದ ಪ್ರಭು ತಂದ. ವಾಸನೆ ಇದೆಯೋ ಇಲ್ಲವೋ ನನಗಂತೂ ಗೊತ್ತಾಗುತ್ತಿಲ್ಲ. ಪಕ್ಕದ ಮನೆಯವರು ಇದೆ ಎನ್ನುತ್ತಾರೆ.

ಚಿಕ್ಕಕ್ಕನಿಗೆ ಹೇಳಿಕಳಿಸಿದ್ದೇನೆ, ಅಮ್ಮ ಬಂದ ಮಾರನೆಯ ದಿನ ಅವಳನ್ನು ಅಲ್ಲಿಗೆ ಕರೆದುಕೊಂಡು ಬರುತ್ತೇನೆಂದು. ಓಬಳಯ್ಯನವರು ಎರಡು ಚೀಲ ಎತ್ತಿಟ್ಟಿದ್ದಾರಂತೆ. ಅತ್ತೆ ಫೋನಿನಲ್ಲಿ ವಿಷಯ ಕೇಳಿ, ‘ಬೀಗತಿಗೆ ಒಬ್ಬಟ್ಟಿಗೆ ಬ್ಯಾಳೆ ನಾನೇ ಕಳಿಸ್ತೀನಿ’ ಎಂದರು. ಶೆಲ್ಫಿನಲ್ಲಿ ಈಗ ಏನೂ ಉಳಿದಿಲ್ಲ. ಸೌಟು ಸಾರಿನ ಪಾತ್ರೆಯಲ್ಲಿದೆ. ಪ್ರಭು ಅಲ್ಲಿ ತನ್ನ ಔಷಧಿ ಡಬ್ಬಿಗಳನ್ನು ಜೋಡಿಸಿದ್ದಾನೆ.

ಈಗ ತಾನೇ ಅಮ್ಮನ ಮೆಸೇಜ್ ಬಂತು. ಟಿಕೆಟ್ಟಿನ ಫೋಟೊ, ಓರೆಯಾಗಿ ತೆಗೆದದ್ದು, ಅರ್ಧಕ್ಕೆ ಹೆಬ್ಬೆರಳು ಅಡ್ಡ ಬಂದಿದೆ. ಒಂದೇ ಸೀಟು, ಅಪ್ಪನದಿಲ್ಲ. ಯುಗಾದಿಗೆ ಕರೆಯಲು ತಾನೊಬ್ಬಳೇ ಬರುತ್ತಾಳೆ, ಪೂರ್ತಿ ಲೆಕ್ಕ. ಹೆಬ್ಬೆರಳಿನ ಪಕ್ಕದಲ್ಲಿ ದೊಡ್ಡದು ಮಾಡಿ ಓದಿದೆ: ದಾವಣಗೆರೆಯಿಂದ ತುಮಕೂರು, ಇಪ್ಪತ್ತೆಂಟನೇ ತಾರೀಖು ಶುಕ್ರವಾರ, ಹುಬ್ಬಳ್ಳಿ–ಬೆಂಗಳೂರು ಜನಶತಾಬ್ದಿ.